ಅಕ್ರಿಲಿಕ್ ಮೇಲೆ ಅಮೂರ್ತ ಚಿತ್ರ: ಕೊಳ್ಳುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಚೌಕಟ್ಟು ಹಾಕಿಸಲು ಬಂದವರು, ಹೊಸ ಮನೆಯ ಖಾಲಿ ಗೋಡೆಯ ಫೋಟೊ ಕಳಿಸಿ ಸಲಹೆ ಕೇಳಿದವರು, ಪತ್ರ ಬರೆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಾನು ಅಕ್ರಿಲಿಕ್ ಪ್ರಿಂಟಿನ ವಿರೋಧಿಯಲ್ಲ. ಎಲ್ಲ ಚಿತ್ರಕ್ಕೂ ಅದು ಒಗ್ಗುತ್ತದೆ ಎನ್ನುವವರ ಜೊತೆ ಮಾತ್ರ ನನ್ನ ತಕರಾರು.

## ಮೊದಲ ಅನುಮಾನಗಳು

ಅಕ್ರಿಲಿಕ್ ಪ್ರಿಂಟ್ ಎಂದರೆ ಅಕ್ರಿಲಿಕ್ ಬಣ್ಣದಲ್ಲಿ ಬರೆದ ಚಿತ್ರವೇ?

ಅಲ್ಲ. ಅಕ್ರಿಲಿಕ್ ಬಣ್ಣ ಟ್ಯೂಬಿನಲ್ಲಿ ಸಿಗುವ, ಕುಂಚದಿಂದ ಬಳಿಯುವ ಬಣ್ಣ. ಅಕ್ರಿಲಿಕ್ ಪ್ರಿಂಟಿನಲ್ಲಿರುವುದು ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಹಾಳೆ. ಪ್ಲೆಕ್ಸಿಗ್ಲಾಸ್, ಪರ್ಸ್‌ಪೆಕ್ಸ್ ಎಂಬ ಹೆಸರುಗಳಲ್ಲಿ 1930ರ ದಶಕದಿಂದಲೂ ಮಾರಾಟವಾಗುತ್ತಿರುವ ವಸ್ತು ಅದು. ಯಂತ್ರ ಮುದ್ರಿಸಿದ ಚಿತ್ರ ಹಾಳೆಯ ಹಿಂಬದಿಯಲ್ಲಿರುತ್ತದೆ, ನಾವು ಹಾಳೆಯ ಮೂಲಕ ಅದನ್ನು ನೋಡುತ್ತೇವೆ. ಮಾರುವವರು ‘ಅಕ್ರಿಲಿಕ್ ಆರ್ಟ್’ ಎಂದಷ್ಟೇ ಬರೆದಿದ್ದರೆ, ಕೈಯಲ್ಲಿ ಬರೆದದ್ದೋ ಮುದ್ರಿಸಿದ್ದೋ ಎಂದು ನೇರವಾಗಿ ಕೇಳಿ. ಉತ್ತರ ಸುತ್ತಿ ಬಳಸಿ ಬಂದರೆ ಮುದ್ರಿಸಿದ್ದು ಎಂದೇ ತಿಳಿಯಿರಿ.

ಗಾಜಿನ ಚೌಕಟ್ಟೂ ಇದೆ, ಕ್ಯಾನ್ವಾಸ್ ಪ್ರಿಂಟೂ ಇದೆ. ಇದೇ ಏಕೆ ಬೇಕು?

ಬೇಕೇ ಬೇಕು ಎಂದೇನಿಲ್ಲ. ಅನುಕೂಲಗಳಂತೂ ಇವೆ. ಅಕ್ರಿಲಿಕ್ ತೂಕದಲ್ಲಿ ಗಾಜಿನ ಅರ್ಧಕ್ಕಿಂತ ಕಡಿಮೆ: ಮೂರು ಅಡಿಗೆ ಎರಡು ಅಡಿಯ, 5 ಮಿ.ಮೀ. ದಪ್ಪದ ಹಾಳೆ ಮೂರು ಕಿಲೊ ಚಿಲ್ಲರೆ ತೂಗಿದರೆ ಅದೇ ಅಳತೆಯ ಗಾಜು ಏಳು ಕಿಲೊ ತೂಗುತ್ತದೆ. ಬಿದ್ದರೆ ಒಡೆಯಬಹುದು, ಆದರೆ ಗಾಜಿನಂತೆ ಚೂರು ಚೂರಾಗಿ ಸಿಡಿಯುವುದಿಲ್ಲ. ಬೆಳಕಿನಲ್ಲಿ ಸುಮಾರು ಶೇ 92ರಷ್ಟು ಅದರ ಮೂಲಕ ಹಾಯುತ್ತದೆ. ಸಾಮಾನ್ಯ ಚೌಕಟ್ಟಿನಲ್ಲಿ ಗಾಜಿಗೂ ಕಾಗದಕ್ಕೂ ನಡುವೆ ತೆಳುವಾದ ಗಾಳಿಯ ಪದರ ಇರುತ್ತದೆ, ಅದು ಕಪ್ಪನ್ನು ಸ್ವಲ್ಪ ಬೂದು ಮಾಡುತ್ತದೆ. ಅಕ್ರಿಲಿಕ್‌ನಲ್ಲಿ ಚಿತ್ರ ಹಾಳೆಗೆ ಅಂಟಿಕೊಂಡೇ ಇರುವುದರಿಂದ ಕಪ್ಪು ನಿಜಕ್ಕೂ ಕಪ್ಪಾಗಿ, ಕೆಂಪು ಹಸಿಹಸಿಯಾಗಿ ಕಾಣುತ್ತದೆ.

ಕ್ಯಾನ್ವಾಸ್ ಪ್ರಿಂಟ್ ಅಗ್ಗ, ಹಗುರ, ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಬಟ್ಟೆಯ ನೇಯ್ಗೆಯಲ್ಲಿ ಸೂಕ್ಷ್ಮ ಗೆರೆಗಳು ಕಳೆದುಹೋಗುತ್ತವೆ.

ಹತ್ತು ವರ್ಷದ ಮೇಲೆ ಮಾರಿದರೆ ಬೆಲೆ ಬರುತ್ತದೆಯೇ?

ಬರುವುದಿಲ್ಲ. ಗೋಡೆಗಾಗಿ ಕೊಳ್ಳಿ, ಹೂಡಿಕೆಗಾಗಿ ಬೇಡ.

‘ಲಿಮಿಟೆಡ್ ಎಡಿಷನ್’ ಎಂದು ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಅರ್ಥವಿದೆಯೇ?

ಕಲಾವಿದರೇ, ಅಥವಾ ಅವರ ಹಕ್ಕು ಪಡೆದವರು, ಇಷ್ಟೇ ಪ್ರತಿ ಎಂದು ನಿಗದಿ ಮಾಡಿ, ಸಂಖ್ಯೆ ಹಾಕಿ, ಸಹಿ ಮಾಡಿದ್ದರೆ ಅರ್ಥವಿದೆ. ಭಾರತದ ಚಿತ್ರಕಾರ ಎಸ್.ಎಚ್. ರಝಾ ತಮ್ಮ ಕೃತಿಗಳ ಸೆರಿಗ್ರಾಫ್ (ಸ್ಕ್ರೀನ್ ಪ್ರಿಂಟ್) ಪ್ರತಿಗಳಿಗೆ ಹೀಗೆ ಸಹಿ ಹಾಕಿದ್ದಾರೆ, ಅವಕ್ಕೆ ಅವುಗಳದೇ ಮಾರುಕಟ್ಟೆಯಿದೆ. ಆದರೆ 1944ರಲ್ಲೇ ತೀರಿಕೊಂಡ, ರಷ್ಯಾ ಮೂಲದ ಅಮೂರ್ತ ಚಿತ್ರಕಾರ ಕ್ಯಾಂಡಿನ್ಸ್ಕಿಯ ಚಿತ್ರವನ್ನು ಯಾರೋ ಮುದ್ರಿಸಿ, ‘500ರಲ್ಲಿ 17ನೆಯದು’ ಎಂದು ಚಿನ್ನದ ಅಕ್ಷರದಲ್ಲಿ ಬರೆದುಕೊಟ್ಟರೆ ಅದು ಆ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಸಂಬಂಧಿಸಿದ ಸಂಖ್ಯೆ ಅಷ್ಟೇ. ಪಕ್ಕದ ಅಂಗಡಿಯವರು ಅದೇ ಚಿತ್ರವನ್ನು ನಾಳೆ ಸಾವಿರ ಪ್ರತಿ ಮುದ್ರಿಸಬಹುದು. ಅಂಥ ಕಾಗದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

## ಹಾಳೆ, ಶಾಯಿ, ಫೈಲು

ಒಂದೇ ಚಿತ್ರ, ಒಂದೇ ಅಳತೆ. ಇಬ್ಬರು ಹೇಳುವ ಬೆಲೆಯಲ್ಲಿ ಅಷ್ಟೊಂದು ವ್ಯತ್ಯಾಸ ಏಕೆ?

ಇಬ್ಬರೂ ಮಾರುತ್ತಿರುವುದು ಬೇರೆ ಬೇರೆ ವಸ್ತು ಆಗಿರುವ ಸಾಧ್ಯತೆಯೇ ಹೆಚ್ಚು. ಅಕ್ರಿಲಿಕ್ ಪ್ರಿಂಟ್ ಮಾಡುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದರಲ್ಲಿ ಯುವಿ ಯಂತ್ರ (ಅತಿನೇರಳೆ ಬೆಳಕಿನಿಂದ ಶಾಯಿಯನ್ನು ಕೂಡಲೇ ಒಣಗಿಸುವ ಮುದ್ರಣ ಯಂತ್ರ) ಹಾಳೆಯ ಹಿಂಬದಿಗೆ ನೇರವಾಗಿ, ಚಿತ್ರವನ್ನು ಎಡಬಲ ತಿರುಗಿಸಿ ಮುದ್ರಿಸುತ್ತದೆ. ಅದರ ಬೆನ್ನಿಗೆ ಬಿಳಿ ಶಾಯಿಯ ಪದರ ಬರುತ್ತದೆ. ಇನ್ನೊಂದರಲ್ಲಿ ಒಳ್ಳೆಯ ಫೋಟೊ ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಪಾರದರ್ಶಕ ಅಂಟಿನಿಂದ ಅಕ್ರಿಲಿಕ್‌ಗೆ ಅಂಟಿಸಿ, ಹಿಂದೆ ಅಲ್ಯುಮಿನಿಯಂ ಹಲಗೆ ಕೂರಿಸುತ್ತಾರೆ. ಎರಡನೆಯದು ದುಬಾರಿ. ಅಂಟಿಸುವಾಗ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಇಡೀ ಹಾಳೆ ಕೆಟ್ಟಂತೆ, ಹಾಗಾಗಿ ಕೈಕೆಲಸಕ್ಕೂ ಹಣ ಕೊಡಬೇಕು. ಬಣ್ಣದ ಸೂಕ್ಷ್ಮ ಇಳಿತಗಳು ಇದರಲ್ಲೇ ಚೆನ್ನಾಗಿ ಬರುತ್ತವೆ. ಸಪಾಟು ಬಣ್ಣದ ಜ್ಯಾಮಿತೀಯ ಚಿತ್ರಗಳಿಗೆ ಮೊದಲನೆಯದೇ ಧಾರಾಳ.

ಉಳಿದ ವ್ಯತ್ಯಾಸ ಹಾಳೆಯದು. ಎರಕ ಹೊಯ್ದ ಹಾಳೆಗೆ ವ್ಯಾಪಾರದಲ್ಲಿ ‘ಕ್ಯಾಸ್ಟ್’ ಎನ್ನುತ್ತಾರೆ, ಯಂತ್ರದಿಂದ ಒತ್ತಿ ತೆಗೆದದ್ದು ‘ಎಕ್ಸ್‌ಟ್ರೂಡೆಡ್’. ಮೊದಲನೆಯದರ ಅಂಚು ಚೆನ್ನಾಗಿ ನುಣುಪಾಗುತ್ತದೆ, ಕೊರೆಯುವಾಗ ಬಿರುಕು ಬಿಡುವುದು ಕಡಿಮೆ. ಅಕ್ರಿಲಿಕ್ ಹೆಸರಿನಲ್ಲಿ ಪಾಲಿಸ್ಟೈರೀನ್ ಹಾಳೆ ಕೊಡುವವರೂ ಇದ್ದಾರೆ, ಅದು ಕೆಲವೇ ವರ್ಷಗಳಲ್ಲಿ ಹಳದಿಯಾಗುತ್ತದೆ. ಬೆಲೆ ಕೇಳುವಾಗ ಚದರ ಅಡಿಗೆ ಎಷ್ಟು ಎಂದಷ್ಟೇ ಕೇಳದೆ ಯಾವ ವಿಧಾನ, ಯಾವ ಹಾಳೆ, ಎಷ್ಟು ದಪ್ಪ, ಹಿಂದೆ ಏನು ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

3 ಮಿ.ಮೀ. ಸಾಕೇ, 5 ಬೇಕೇ, 8ಕ್ಕೆ ಹೋಗಲೇ?

ಎರಡು ಅಡಿಯೊಳಗೆ, ಹಿಂದೆ ಹಲಗೆ ಇದ್ದರೆ 3 ಸಾಕು. ಮೂರು, ನಾಲ್ಕು ಅಡಿಗೆ 5. ಹಿಂದೆ ಆಧಾರವಿಲ್ಲದ ತೆಳು ಹಾಳೆ ಕಾಲಕ್ರಮೇಣ ಬಾಗುತ್ತದೆ, ಆಗ ಪ್ರತಿಫಲನವೂ ಅಲೆಅಲೆಯಾಗಿ ಕಾಣುತ್ತದೆ. 8 ಮಿ.ಮೀ.ನಲ್ಲಿ ಅಂಚು ದಪ್ಪವಾಗಿ, ಬೆಳಕು ಹಿಡಿದು ಚೆನ್ನಾಗಿ ಕಾಣುವುದು ನಿಜ. ಆದರೆ ಆರು ಅಡಿಗೆ ನಾಲ್ಕು ಅಡಿಯ ಅಂಥ ಹಾಳೆ ಇಪ್ಪತ್ತೊಂದು ಕಿಲೊ ತೂಗುತ್ತದೆ, ಇಬ್ಬರು ಎತ್ತಬೇಕು.

ಮನೆಗೆ ತಲುಪಿದ ಪ್ರಿಂಟ್ ಚೆನ್ನಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ತೂಗುಹಾಕುವ ಮೊದಲೇ ನೋಡಿ. ಮೊದಲು ಕಿಟಕಿಯ ಬಳಿ ಎತ್ತಿ ಹಿಡಿಯಿರಿ. ನೇರ ಮುದ್ರಣವಾಗಿದ್ದು, ಬೆಳಕು ಚಿತ್ರದ ಮೂಲಕ ಹಾದು ಬಂದು ಹಿಂದೆ ಹಿಡಿದ ನಿಮ್ಮ ಬೆರಳಿನ ನೆರಳು ಕಂಡರೆ ಬಿಳಿ ಪದರ ತೆಳುವಾಗಿದೆ ಎಂದರ್ಥ. ಅಂಥ ಚಿತ್ರವನ್ನು ಹಸಿರು ಗೋಡೆಗೆ ಹಾಕಿದರೆ ಹಳದಿಯೂ ಹಸಿರು ಛಾಯೆ ಪಡೆಯುತ್ತದೆ.

ನಂತರ ಮೇಜಿನ ಮೇಲೆ ಮಲಗಿಸಿ, ಕೋಣೆ ಕತ್ತಲು ಮಾಡಿ, ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಹಾಳೆಗೆ ತಾಗಿದಂತೆ ಓರೆಯಾಗಿ ಹಾಯಿಸಿ. ಅಂಟಿನೊಳಗೆ ಸಿಕ್ಕಿದ ಧೂಳು ಸಾಸಿವೆಗಿಂತ ಸಣ್ಣ ಗುಳ್ಳೆಯಾಗಿ ಎದ್ದು ಕಾಣುತ್ತದೆ. ಅಂಟು ಹಿಡಿಯದ ಕಡೆ ಬೆಳ್ಳಿಯಂತೆ ಮಿನುಗುವ ಕಲೆ ಇರುತ್ತದೆ, ಕಪ್ಪು ಭಾಗಗಳಲ್ಲೇ ಅದನ್ನು ಹುಡುಕಬೇಕು. ಮೂಲೆಗಳನ್ನು ಹೆಚ್ಚು ಹೊತ್ತು ನೋಡಿ, ಅಂಟು ಬಿಡಲು ಶುರುವಾಗುವುದು ಅಲ್ಲಿಂದಲೇ. ಅಂಚಿನ ಮೇಲೆ ಉಗುರು ಎಳೆಯಿರಿ. ಗರಗಸದ ಹಲ್ಲು ತಾಗಿದಂತೆ ಗರಗರ ಎಂದರೆ ಪಾಲಿಶ್ ಮಾಡಿಲ್ಲ. ಮುಂಬದಿಯ ರಕ್ಷಕ ಪೊರೆಯನ್ನು ಮೊದಲು ಒಂದು ಮೂಲೆಯಿಂದ ಸ್ವಲ್ಪ ಎತ್ತಿ ನೋಡಿ ಸಾಕು. ಪೂರ್ತಿ ಕಿತ್ತರೆ ಸ್ಥಾಯಿ ವಿದ್ಯುತ್ತಿನಿಂದ ಕೋಣೆಯ ಧೂಳೆಲ್ಲ ಬಂದು ಅಂಟುತ್ತದೆ. ಚಿತ್ರವನ್ನು ಗೋಡೆಗೇರಿಸಿದ ಮೇಲೆ ಪೂರ್ತಿ ತೆಗೆಯಿರಿ.

ಇಂಟರ್‌ನೆಟ್‌ನಲ್ಲಿ ಚಿತ್ರ ಸಿಕ್ಕಿದೆ. ಅದೇ ಫೈಲ್ ಕೊಟ್ಟರೆ ಸಾಲದೇ?

ಅಂಗೈಯಗಲದ ಪರದೆಯಲ್ಲಿ ಚೆನ್ನಾಗಿ ಕಾಣುವುದೆಲ್ಲ ಮೂರು ಅಡಿಗೆ ಹಿಗ್ಗುವುದಿಲ್ಲ. ಲೆಕ್ಕ ಸುಲಭ: ನಾಲ್ಕೈದು ಅಡಿ ದೂರದಿಂದ ನೋಡುವ ಚಿತ್ರಕ್ಕೆ ಇಂಚಿಗೆ 150 ಪಿಕ್ಸೆಲ್ ಇದ್ದರೆ ನಡೆಯುತ್ತದೆ. ಮೂರು ಅಡಿ ಎಂದರೆ 36 ಇಂಚು, ಅಂದರೆ ಉದ್ದಕ್ಕೆ 5,400 ಪಿಕ್ಸೆಲ್ ಬೇಕು. ಹತ್ತಿರದಿಂದ ನೋಡುವ ಸಣ್ಣ ಪ್ರಿಂಟಿಗೆ ಇಂಚಿಗೆ 300 ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಬಂದದ್ದು ಕುಗ್ಗಿರುತ್ತದೆ, ಅದನ್ನು ಮುದ್ರಣಕ್ಕೆ ಕೊಡಲೇಬೇಡಿ.

ಕೆಲವು ವಸ್ತುಸಂಗ್ರಹಾಲಯಗಳು ಹಕ್ಕಿನ ಅವಧಿ ಮುಗಿದ ಕೃತಿಗಳ ದೊಡ್ಡ ಫೈಲುಗಳನ್ನು ಉಚಿತವಾಗಿ ಬಿಟ್ಟಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಲ್ಲಿ, ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಲ್ಲಿ ಈ ಕೆಲಸ ಮಾಡಿದವು. ಅಲ್ಲಿನ ಫೈಲಿನಲ್ಲಿ ಬಣ್ಣವೂ ನಂಬಿಕೆಗೆ ಅರ್ಹ. ಒಂದೇ ಚಿತ್ರ ಬೇರೆ ಬೇರೆ ಕಡೆ ಬೇರೆ ಬೇರೆ ಬಣ್ಣದಲ್ಲಿ ತಿರುಗಾಡುತ್ತಿರುವಾಗ ಇದು ಸಣ್ಣ ಮಾತಲ್ಲ.

ಮೊಬೈಲಿನಲ್ಲಿ ಕಂಡ ನೀಲಿ ಪ್ರಿಂಟಿನಲ್ಲಿ ಏಕೆ ಬರಲಿಲ್ಲ?

ಪರದೆ ತಾನೇ ಬೆಳಕು ಚೆಲ್ಲುತ್ತದೆ, ಪ್ರಿಂಟ್ ಕೋಣೆಯ ಬೆಳಕನ್ನು ಹಿಂದಿರುಗಿಸುತ್ತದೆ. ಕಡು ನೀಲಿ, ಉಜ್ವಲ ಕಿತ್ತಳೆ, ನಿಯಾನ್ ಹಸಿರು ಶಾಯಿಗೆ ದಕ್ಕದ ಬಣ್ಣಗಳು. ದೊಡ್ಡ ಪ್ರಿಂಟಿಗೆ ಮುನ್ನ ಅದೇ ಹಾಳೆಯ ಮೇಲೆ ನಾಲ್ಕು ಇಂಚಿನ ಮಾದರಿ ಪಟ್ಟಿ ಮುದ್ರಿಸಿಕೊಡಲು ಕೇಳಿ, ಕಷ್ಟದ ಬಣ್ಣವಿರುವ ಭಾಗವನ್ನೇ ಆರಿಸಿಕೊಡಿ. ಆ ಪಟ್ಟಿಯನ್ನು ಮನೆಗೆ ತಂದು, ಚಿತ್ರ ತೂಗುಹಾಕುವ ಗೋಡೆಯ ಮೇಲೆ, ಸಂಜೆ ನೀವು ಹಾಕುವ ದೀಪದಲ್ಲೇ ನೋಡಿ. ಹಳದಿ ಬೆಳಕಿನ ಬಲ್ಬು ನೀಲಿಯನ್ನು ಮಂಕು ಮಾಡುತ್ತದೆ. ಎಲ್‌ಇಡಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಸಿಆರ್‌ಐ (ಬಣ್ಣಗಳನ್ನು ದೀಪ ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಹೆಚ್ಚು ಎಂದಿರುವುದನ್ನು ಆರಿಸಿ.

## ಯಾವ ಚಿತ್ರ?

ಯಾರ ಚಿತ್ರ ಅಕ್ರಿಲಿಕ್‌ಗೆ ಹೊಂದುತ್ತದೆ, ಯಾರದು ಹೊಂದುವುದಿಲ್ಲ?

ಎಲ್ಲಕ್ಕಿಂತ ಮುಖ್ಯವಾದ ಈ ಪ್ರಶ್ನೆಯನ್ನು ಕೇಳುವವರು ತೀರಾ ಕಡಿಮೆ. ಅಕ್ರಿಲಿಕ್ ಪ್ರಿಂಟ್ ಚಿತ್ರಕ್ಕೆ ಮಾಡುವುದು ಎರಡು ಕೆಲಸ: ಮೇಲ್ಮೈಯನ್ನು ಪೂರ್ತಿ ಸಪಾಟು ಮಾಡುತ್ತದೆ, ಅದರ ಮೇಲೆ ಹೊಳಪು ಹೊದಿಸುತ್ತದೆ. ಯಾವ ಚಿತ್ರದ ಜೀವ ಆಕಾರ, ಗೆರೆ, ಬಣ್ಣಗಳ ಹೊಂದಾಣಿಕೆಯಲ್ಲಿದೆಯೋ ಅದು ಇದನ್ನು ತಾಳಿಕೊಳ್ಳುತ್ತದೆ. ಜೀವ ಬಣ್ಣದ ಮೈಯಲ್ಲೇ ಇದ್ದರೆ ತಾಳುವುದಿಲ್ಲ.

ಕ್ಯಾಂಡಿನ್ಸ್ಕಿ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿದ್ದಾಗ ಬರೆದವು ಚೆನ್ನಾಗಿ ಒಗ್ಗುತ್ತವೆ. 1923ರ ‘ಕಾಂಪೊಸಿಷನ್ 8’ ತೆಗೆದುಕೊಳ್ಳಿ, ಮೇಲಿನ ಎಡಮೂಲೆಯ ದೊಡ್ಡ ಕಪ್ಪು ವೃತ್ತ, ಅದರೊಳಗಿನ ನೇರಳೆ, ಚೂಪು ಕೋನಗಳು ಹಾಳೆಯ ಹಿಂದೆ ತೇಲಿದಂತೆ ಕಾಣುತ್ತವೆ. ದೊಡ್ಡ ವೃತ್ತವನ್ನೇ ಕೇಂದ್ರವಾಗಿಟ್ಟ ರಝಾ ಅವರ ಬಿಂದು ಸರಣಿಯೂ ಹೀಗೆ ಒಪ್ಪುವಂಥದ್ದೇ.

ಕಪ್ಪು ಗೆರೆಗಳ ನಡುವೆ ಬಿಳಿ, ಕೆಂಪು, ನೀಲಿ, ಹಳದಿ ಚೌಕಗಳನ್ನು ಬರೆದ ಮೊಂಡ್ರಿಯಾನ್ ಬಗ್ಗೆ ನನಗೆ ಅರ್ಧ ಮನಸ್ಸು. ದೂರದಿಂದ ಅವನ ಚಿತ್ರ ಅಕ್ರಿಲಿಕ್‌ಗಾಗಿಯೇ ಹುಟ್ಟಿದಂತಿದೆ. ಹತ್ತಿರ ಹೋದರೆ ಮೂಲದಲ್ಲಿ ಆ ಬಿಳಿ ಬರೀ ಬಿಳಿಯಲ್ಲ, ಒಂದೊಂದು ಚೌಕದಲ್ಲಿ ಕುಂಚ ಒಂದೊಂದು ದಿಕ್ಕಿಗೆ ಓಡಿರುತ್ತದೆ. ಪ್ರಿಂಟಿನಲ್ಲಿ ಆ ಓಟ ಉಳಿಯುವುದಿಲ್ಲ, ಚಿತ್ರ ಸ್ನಾನದ ಮನೆಯ ಟೈಲ್ಸ್ ಆಗುವ ಅಪಾಯವಿದೆ.

ಮಸುಕು ಅಂಚಿನ ದೊಡ್ಡ ಬಣ್ಣದ ಆಯತಗಳನ್ನು ಬರೆದ ಅಮೆರಿಕದ ರಾತ್ಕೊ ಬೇಡ. ಅವನ ತೆಳು ಪದರಗಳ ಮುಂದೆ ನಿಂತವರು ಚಿತ್ರದೊಳಗೆ ಇಳಿಯಬೇಕು. ಹೊಳಪಿನ ಹಾಳೆಯಲ್ಲಿ ಅವರಿಗೆ ಕಾಣುವುದು ತಮ್ಮದೇ ಮುಖ, ಹಿಂದಿನ ಟ್ಯೂಬ್‌ಲೈಟ್. ನಮ್ಮ ದೇಶದ ಅಮೂರ್ತ ಚಿತ್ರಕಾರ ವಾಸುದೇವ ಗಾಯತೊಂಡೆ ಅವರದೂ ಬೇಡ. ರೋಲರ್ ಮತ್ತು ಪ್ಯಾಲೆಟ್ ಚಾಕುವಿನಿಂದ ಬಣ್ಣ ಹಾಕಿ, ತೆಗೆದು, ಮತ್ತೆ ಹಾಕಿ ಅವರು ಕಟ್ಟಿದ ಆಳ ಮುದ್ರಣದಲ್ಲಿ ಮಸುಕಾದ ಮಚ್ಚೆಯಾಗಿಬಿಡುತ್ತದೆ. ಸ್ವೀಡನ್ನಿನ ಚಿತ್ರಕಾರ್ತಿ ಹಿಲ್ಮಾ ಆಫ್ ಕ್ಲಿಂಟ್ 1907ರಲ್ಲಿ ಬರೆದ ಹತ್ತು ದೊಡ್ಡ ಚಿತ್ರಗಳು ಕಾಗದದ ಮೇಲಿನ ಟೆಂಪೆರಾ (ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣ), ಮೈ ಪೂರ್ತಿ ಹೊಳಪಿಲ್ಲದ್ದು. ಅವಕ್ಕೆ ಹತ್ತಿ ಕಾಗದದ ಮೇಲಿನ ಮುದ್ರಣವೇ ಸರಿ, ಖರ್ಚೂ ಕಡಿಮೆ.

ಅನುಮಾನವಿದ್ದರೆ ಒಂದು ಮಧ್ಯಾಹ್ನ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ ಬನ್ನಿ. ಯಾವುದೇ ಅಮೂರ್ತ ಚಿತ್ರದ ಮುಂದೆ ಪಕ್ಕಕ್ಕೆ ಸರಿದು, ಓರೆಯಾಗಿ ನೋಡಿ. ಓರೆಯಿಂದ ನೋಡಿದಾಗ ಹೆಚ್ಚು ಕಾಣುವ ಚಿತ್ರ ಪ್ರಿಂಟಿಗೆ ಒಗ್ಗದ ಚಿತ್ರ.

ಮೂಲ ಚಿತ್ರ ದೊಡ್ಡದು, ನಮ್ಮ ಗೋಡೆ ಚಿಕ್ಕದು. ಯಾವ ಅಳತೆಗೆ ಮಾಡಿಸಲಿ?

ಮೂಲದ ಅಳತೆಯನ್ನು ಮೊದಲು ತಿಳಿದುಕೊಳ್ಳಿ. ಜ್ಯೂರಿಕ್‌ನಲ್ಲಿರುವ ಮೊಂಡ್ರಿಯಾನ್‌ನ 1930ರ ಕೆಂಪು, ನೀಲಿ, ಹಳದಿ ಚಿತ್ರ ಒಂದೂವರೆ ಅಡಿ ಚೌಕ ಅಷ್ಟೇ. ಅದನ್ನು ಮೂಲದ ಅಳತೆಯಲ್ಲೇ ಮಾಡಿಸಬಹುದು, ಐದು ಅಡಿಗೆ ಹಿಗ್ಗಿಸಿದರೆ ಜಾಹೀರಾತು ಫಲಕವಾಗುತ್ತದೆ. ಬಣ್ಣವನ್ನು ಚೆಲ್ಲಿ, ತೊಟ್ಟಿಕ್ಕಿಸಿ ಚಿತ್ರ ಮಾಡಿದ ಅಮೆರಿಕದ ಪೊಲಾಕ್‌ನ ‘ಒನ್: ನಂಬರ್ 31, 1950’ ಅಗಲ ಐದು ಮೀಟರಿಗೂ ಹೆಚ್ಚು, ನೋಡುವವರನ್ನು ಸುತ್ತುವರಿಯಲೆಂದೇ ಮಾಡಿದ್ದು. ಮೂರು ಅಡಿಗೆ ಕುಗ್ಗಿದರೆ ಅದು ಗ್ರಾನೈಟ್ ಚಪ್ಪಡಿಯಂತೆ ಕಾಣುತ್ತದೆ. ಮೂಲದ ಅರ್ಧಕ್ಕಿಂತ ಕೆಳಗೆ ಇಳಿಯಬೇಡಿ, ಮೂಲಕ್ಕಿಂತ ದೊಡ್ಡದು ಮಾಡಬೇಡಿ ಎಂಬುದು ನನ್ನ ಲೆಕ್ಕ. ನಿಮ್ಮ ಗೋಡೆಗೆ ಅದು ಹೊಂದದಿದ್ದರೆ ಬೇರೆ ಚಿತ್ರ ಹುಡುಕಿ. ತೀರ್ಮಾನಿಸುವ ಮುನ್ನ ಆ ಅಳತೆಗೆ ದಿನಪತ್ರಿಕೆ ಕತ್ತರಿಸಿ ಗೋಡೆಗೆ ಅಂಟಿಸಿ ನಾಲ್ಕು ದಿನ ಬಿಡಿ.

ಸೋಫಾಕ್ಕೆ ಹೊಂದುವಂತೆ ಕೆಂಪನ್ನು ಹಸಿರು ಮಾಡಿಸಬಹುದೇ? ಐದು ತುಂಡು ಮಾಡಿಸಿದರೆ ಹೇಗೆ?

ಯಂತ್ರಕ್ಕೆ ಎಲ್ಲವೂ ಸಾಧ್ಯ. ಆದರೆ ಕೆಂಪು ಹೋದ ಮೇಲೆ ಅದು ಆ ಚಿತ್ರವಲ್ಲ, ಕಲಾವಿದನ ಹೆಸರು ಹೇಳುವ ಹಕ್ಕೂ ನಿಮಗಿಲ್ಲ. ಸೋಫಾದ ಕವರ್ ಬದಲಿಸುವುದು ಅಗ್ಗ. ಬದುಕಿರುವ ಕಲಾವಿದರ ಕೃತಿಯಾದರೆ ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಹಕ್ಕನ್ನು ಮಾರಿದ ಮೇಲೂ ತಮ್ಮ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ಕಲಾವಿದರು ಪ್ರಶ್ನಿಸಬಹುದು. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ತಮ್ಮ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಕಿದ್ದಕ್ಕಾಗಿ ಅಮರನಾಥ್ ಸೆಹಗಲ್ ಕೇಂದ್ರ ಸರ್ಕಾರದ ವಿರುದ್ಧವೇ ದಾವೆ ಹೂಡಿ, 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಕಲಮಿನ ಬಲದಿಂದ.

ಅಮೂರ್ತ ಚಿತ್ರ ತಾನೇ, ತಲೆಕೆಳಗಾಗಿ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ?

ದೊಡ್ಡ ದೊಡ್ಡವರಿಗೇ ಗೊತ್ತಾಗಿಲ್ಲ. ಮೊಂಡ್ರಿಯಾನ್‌ನ ‘ನ್ಯೂಯಾರ್ಕ್ ಸಿಟಿ 1’ ದಶಕಗಳಿಂದ ತಲೆಕೆಳಗಾಗಿಯೇ ಪ್ರದರ್ಶನಗೊಂಡಿರಬೇಕು ಎಂದು 2022ರಲ್ಲಿ ಜರ್ಮನಿಯ ಕ್ಯುರೇಟರ್ ಒಬ್ಬರು ಹೇಳಿದರು. ಫ್ರಾನ್ಸಿನ ಚಿತ್ರಕಾರ ಮತಿಸ್‌ನ ‘ಲ ಬಾತೊ’ ಕೃತಿ 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 47 ದಿನ ಉಲ್ಟಾ ನೇತಾಡಿತ್ತು. ನಿಮ್ಮ ಪ್ರಿಂಟಿನ ಹಿಂದೆ ‘ಮೇಲೆ’ ಎಂದು ಬರೆದು ಬಾಣ ಹಾಕಿಕೊಡಲು ಮುದ್ರಕರಿಗೆ ಹೇಳಿ.

## ಹಕ್ಕಿನ ಮಾತು

ಕ್ಯಾಂಡಿನ್ಸ್ಕಿಯ ಚಿತ್ರ ಮುದ್ರಿಸಲು ಅನುಮತಿ ಬೇಡವಂತೆ, ನಮ್ಮ ಚಿತ್ರಕಾರ ಹೆಬ್ಬಾರರದಕ್ಕೆ ಬೇಕಂತೆ. ಇದೇನು ಲೆಕ್ಕ?

ಭಾರತದಲ್ಲಿ ಚಿತ್ರಕೃತಿಯ ಹಕ್ಕುಸ್ವಾಮ್ಯ ಕಲಾವಿದರ ಜೀವಿತಾವಧಿ ಮತ್ತು ಅವರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. ಬೌಹೌಸ್‌ನಲ್ಲೇ ಕಲಿಸುತ್ತಿದ್ದ ಚಿತ್ರಕಾರ ಪಾಲ್ ಕ್ಲೀ 1940ರಲ್ಲಿ, ಕ್ಯಾಂಡಿನ್ಸ್ಕಿ, ಮೊಂಡ್ರಿಯಾನ್, ಆಫ್ ಕ್ಲಿಂಟ್ ಮೂವರೂ 1944ರಲ್ಲಿ ತೀರಿಕೊಂಡರು, ಅವಧಿ ಯಾವತ್ತೋ ಮುಗಿದಿದೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ತೀರಿಕೊಂಡದ್ದು 1996ರಲ್ಲಿ, ಹಕ್ಕು 2056ರ ಕೊನೆಯವರೆಗೆ ಇದೆ. ಗಾಯತೊಂಡೆ 2001, ಅಂದರೆ 2061ರವರೆಗೆ. ರಝಾ 2016, ಅಂದರೆ 2076ರವರೆಗೆ. ಇವರ ಚಿತ್ರವನ್ನು ಅನುಮತಿಯಿಲ್ಲದೆ ಮುದ್ರಿಸಿ ಮಾರುವುದು ಕಾನೂನುಬಾಹಿರ. ಅಂಥ ಪ್ರಿಂಟುಗಳು ರಾಜಾರೋಷವಾಗಿ ಮಾರಾಟವಾಗುತ್ತಿವೆ ಎಂಬುದು ಅದಕ್ಕೆ ಸಮರ್ಥನೆಯಲ್ಲ. ಅನುಮತಿ ಯಾರಿಂದ ಪಡೆದಿದ್ದೀರಿ ಎಂದು ಕೇಳಿ, ಹೆಸರು ಹೇಳದಿದ್ದರೆ ಹಿಂದಿರುಗಿ.

ನಾನೇ ಹಣ ಕೊಟ್ಟು ಕೊಂಡ ಮೂಲ ಚಿತ್ರ. ಅದರ ಪ್ರಿಂಟ್ ಮಾಡಿಸಿ ನೆಂಟರಿಗೆ ಹಂಚಬಹುದಲ್ಲವೇ?

ನೀವು ಕೊಂಡದ್ದು ಕ್ಯಾನ್ವಾಸನ್ನು, ಪ್ರತಿ ಮಾಡುವ ಹಕ್ಕನ್ನಲ್ಲ. ಲಿಖಿತವಾಗಿ ಬರೆದುಕೊಡದ ಹೊರತು ಹಕ್ಕು ಕಲಾವಿದರ ಬಳಿಯೇ ಉಳಿಯುತ್ತದೆ. ನೀವೇ ಕೇಳಿಕೊಂಡು, ಹಣ ಕೊಟ್ಟು ಬರೆಸಿದ ಚಿತ್ರದ ಕತೆ ಬೇರೆ: ಬೇರೆ ಒಪ್ಪಂದವಿಲ್ಲದಿದ್ದರೆ ಅದರ ಹಕ್ಕು ಬರೆಸಿದವರದೇ ಎನ್ನುತ್ತದೆ ಕಾಯ್ದೆ.

ನಮ್ಮವರದೇ ಚಿತ್ರ ಬೇಕು, ಮೂಲ ಕೊಳ್ಳುವಷ್ಟು ಹಣವಿಲ್ಲ. ಏನು ಮಾಡಲಿ?

ಕಲಾವಿದರನ್ನೇ ಕೇಳಿ. ಪ್ರತಿ ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ನೂರಾರು ಕಲಾವಿದರು ತಮ್ಮ ಚಿತ್ರದ ಪಕ್ಕದಲ್ಲೇ ಕುಳಿತಿರುತ್ತಾರೆ. ಸಣ್ಣ ಮೂಲ ಚಿತ್ರವೇ ದೊಡ್ಡ ಅಕ್ರಿಲಿಕ್ ಪ್ರಿಂಟಿನ ಬೆಲೆಗೆ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತನ್ನಿ. ಸಿಗದಿದ್ದರೆ, ‘ಈ ಚಿತ್ರದ ಒಂದು ಪ್ರಿಂಟ್ ಮಾಡಿಸಿಕೊಡುತ್ತೀರಾ, ನಿಮ್ಮ ಸಂಭಾವನೆ ಎಷ್ಟು?’ ಎಂದು ಕೇಳಲು ಸಂಕೋಚ ಬೇಡ. ಒಪ್ಪಿಗೆಯನ್ನು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ: ಯಾವ ಚಿತ್ರ, ಎಷ್ಟು ಪ್ರತಿ, ಯಾವ ಅಳತೆ. ಫೈಲಿನ ಬಣ್ಣವನ್ನು ಕಲಾವಿದರೇ ನೋಡಿ ಒಪ್ಪುವುದು ಇದರ ದೊಡ್ಡ ಲಾಭ.

ಅಮೆರಿಕದಲ್ಲಿರುವ ಮಗಳ ಮನೆಗೆ ಇಲ್ಲಿಂದಲೇ ಮಾಡಿಸಿ ಕಳಿಸಬಹುದೇ?

ಕಳಿಸಬಹುದು, ಆದರೆ ಜಾಣತನವಲ್ಲ. ಸಾಗಣೆಯ ಖರ್ಚು ಪ್ರಿಂಟಿನ ಬೆಲೆಯನ್ನು ಮೀರಬಹುದು, ಮೂಲೆಗಳು ನುಗ್ಗಾಗುವ ಭಯ ಬೇರೆ. ಫೈಲ್ ಕಳಿಸಿ ಅಲ್ಲೇ ಮುದ್ರಿಸುವುದು ಲೇಸು. ಹಕ್ಕಿನ ಲೆಕ್ಕ ಅಲ್ಲಿ ಬೇರೆ: ಹಳೆಯ ಪ್ರಕಟಿತ ಕೃತಿಗಳಿಗೆ ಮೊದಲ ಪ್ರಕಟಣೆಯಿಂದ 95 ವರ್ಷದವರೆಗೂ ರಕ್ಷಣೆ ಇರಬಹುದು. ಮೊಂಡ್ರಿಯಾನ್ 1940ರ ದಶಕದಲ್ಲಿ ಬರೆದದ್ದನ್ನು ಮುದ್ರಿಸಲು ಅಲ್ಲಿನ ಅಂಗಡಿಯವರು ಹಿಂಜರಿದರೆ ಆಶ್ಚರ್ಯಪಡಬೇಡಿ.

## ಗೋಡೆಗೆ ಏರಿದ ಮೇಲೆ

ನಾಲ್ಕು ಮೂಲೆಗೆ ಸ್ಟೀಲ್ ಸ್ಟಡ್ (ತೂತು ಕೊರೆದು ಹಾಳೆಯನ್ನು ಗೋಡೆಗೆ ಬಿಗಿಯುವ ಗುಂಡಿ) ಹಾಕಿಸಲೇ, ಹಿಂದಿನಿಂದ ತೂಗುಹಾಕಲೇ?

ಸ್ಟಡ್ ಹಾಕಿದ ಚಿತ್ರ ನನಗೆ ಬ್ಯಾಂಕಿನ ಫಲಕದಂತೆ ಕಾಣುತ್ತದೆ. ಹಿಂದೆ ಅಲ್ಯುಮಿನಿಯಂ ಪಟ್ಟಿ ಅಂಟಿಸಿ, ಗೋಡೆಯ ಪಟ್ಟಿಗೆ ಸಿಕ್ಕಿಸುವ ವ್ಯವಸ್ಥೆ ಒಳ್ಳೆಯದು. ಸ್ಟಡ್ಡೇ ಬೇಕೆಂದರೆ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ಅಂಚಿಗೆ ತೀರಾ ಹತ್ತಿರ ಬೇಡ. ಅಕ್ರಿಲಿಕ್ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ: ಆರು ಅಡಿಯ ಹಾಳೆ 20 ಡಿಗ್ರಿ ಏರುಪೇರಿಗೆ ಎರಡೂವರೆ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಬಿಗಿಯಾಗಿ ತಿರುಗಿಸಿದ ಸ್ಕ್ರೂ ಅದಕ್ಕೆ ಜಾಗ ಕೊಡದೆ ತೂತಿನಿಂದ ಬಿರುಕು ಹುಟ್ಟಿಸುತ್ತದೆ.

ಚಿತ್ರಕ್ಕಿಂತ ಎದುರಿನ ಕಿಟಕಿಯೇ ಹೆಚ್ಚು ಕಾಣುತ್ತದೆ. ಏನಾದರೂ ಉಪಾಯವಿದೆಯೇ?

ಕಿಟಕಿ ಚಿತ್ರದ ಪಕ್ಕಕ್ಕೆ ಬರುವಂತೆ ಗೋಡೆ ಬದಲಿಸಿ. ಹೊಳಪಿಲ್ಲದ ಅಕ್ರಿಲಿಕ್ ಸಿಗುತ್ತದೆ, ಆದರೆ ದಪ್ಪ ಹೆಚ್ಚಿದಷ್ಟೂ ಚಿತ್ರದ ಚೂಪು ತಗ್ಗುತ್ತದೆ.

ಮಂಗಳೂರಿನ ಮಳೆಗಾಲ, ಕಲಬುರಗಿಯ ಬಿಸಿಲು. ಎಷ್ಟು ವರ್ಷ ಬಾಳುತ್ತದೆ?

ಅಕ್ರಿಲಿಕ್ ಹಾಳೆ ಎರಡನ್ನೂ ತಡೆಯುತ್ತದೆ. ಸೋಲುವುದು ಅದರ ಹಿಂದಿನ ಕಾಗದ, ಅಂಟು, ಶಾಯಿ. ಕರಾವಳಿಯಲ್ಲಿ ಕಾಗದ ಅಂಟಿಸಿದ ಪ್ರಿಂಟಿನ ಅಂಚುಗಳಿಂದ ತೇವ ಒಳಗಿಳಿಯುತ್ತದೆ, ಹಾಗಾಗಿ ಅಲ್ಲಿ ನೇರ ಮುದ್ರಣವೇ ಕ್ಷೇಮ. ಮಳೆ ನೀರು ಹೊಡೆಯುವ ಗೋಡೆಯ ಒಳಮೈಗೆ ಹಾಕಬೇಡಿ. ಗೋಡೆಗೂ ಚಿತ್ರಕ್ಕೂ ನಡುವೆ ಅರ್ಧ ಇಂಚಾದರೂ ಗಾಳಿಯಾಡಲಿ. ಬಿಸಿಲು ನೇರವಾಗಿ ಬೀಳುವ ಕಡೆ ಯಾವ ಶಾಯಿಯೂ ಮಾಸುತ್ತದೆ. ಅತಿನೇರಳೆ ಕಿರಣ ತಡೆಯುವ ದರ್ಜೆಯ ಹಾಳೆ ಕೊಂಡರೆ ತಡವಾಗಿ ಮಾಸುತ್ತದೆ, ಅಷ್ಟೇ. ದೇವರ ದೀಪ, ಒಲೆಯ ಹತ್ತಿರವಂತೂ ಬೇಡವೇ ಬೇಡ: ಅಕ್ರಿಲಿಕ್ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಬೆಂಕಿ ತಗುಲಿದರೆ ಉರಿಯುತ್ತದೆ.

ಒರೆಸುವುದು ಹೇಗೆ? ಗೀರು ಬಿದ್ದರೆ ಹೋಗುತ್ತದೆಯೇ?

ಗಾಜು ಒರೆಸುವ ದ್ರಾವಣ, ಸ್ಯಾನಿಟೈಸರ್, ಥಿನ್ನರ್ ಮುಟ್ಟಿಸಬೇಡಿ. ಅಮೋನಿಯಾ ಮತ್ತು ಆಲ್ಕೊಹಾಲ್ ತಾಗಿದ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳ ಜಾಲ ಏಳುತ್ತದೆ, ಅದಕ್ಕೆ ಮದ್ದಿಲ್ಲ. ಒಣ ಬಟ್ಟೆಯಲ್ಲಿ ಧೂಳು ಜಾಡಿಸುವುದೂ ತಪ್ಪು, ಆ ಧೂಳೇ ಮರಳು ಕಾಗದವಾಗುತ್ತದೆ. ನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ, ಮೈಕ್ರೊಫೈಬರ್ ಬಟ್ಟೆ ಅದ್ದಿ ಹಿಂಡಿ, ಒತ್ತದೆ ಒರೆಸಿ. ಮನೆಗೆಲಸಕ್ಕೆ ಬರುವವರಿಗೆ ಮೊದಲ ದಿನವೇ ತೋರಿಸಿಕೊಡಿ.

ಉಗುರಿಗೆ ಸಿಗದಷ್ಟು ತೆಳುವಾದ ಗೀರು ಪ್ಲಾಸ್ಟಿಕ್ ಪಾಲಿಶ್‌ನಿಂದ ಹೋಗುತ್ತದೆ. ಕಾರಿನ ಹೆಡ್‌ಲೈಟಿಗೆ ಬಳಸುವುದನ್ನೇ ಬಳಸಬಹುದು, ಆದರೆ ಅದರಲ್ಲಿ ಆಲ್ಕೊಹಾಲ್ ಇಲ್ಲವೆಂದು ಮೊದಲು ಓದಿ ನೋಡಿ. ಮೂಲೆಯಲ್ಲಿ ಚಿಕ್ಕ ಜಾಗದಲ್ಲಿ ಪರೀಕ್ಷಿಸಿ, ನಂತರ ವೃತ್ತಾಕಾರದಲ್ಲಿ ನಿಧಾನವಾಗಿ ಉಜ್ಜಿ. ಹೊಳಪಿಲ್ಲದ ಹಾಳೆಯಾದರೆ ಉಜ್ಜಲೇಬೇಡಿ, ಉಜ್ಜಿದ ಜಾಗ ಮಾತ್ರ ಹೊಳೆಯುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಾದರೆ ಮುದ್ರಿಸಿಕೊಟ್ಟವರ ಬಳಿಗೇ ಒಯ್ಯಿರಿ. ಮುಂಬದಿಯನ್ನು ಯಂತ್ರದಲ್ಲಿ ಪಾಲಿಶ್ ಮಾಡಿಕೊಡುವವರು ಇದ್ದಾರೆ.